ವಿಭೂತಿ ಹಚ್ಚಿದ ಸಿಡಿ

ಬರೆದು ಮುಗಿಸಿದ ಸಿಡಿ ಹೊರಗೆ ಬರುವಾಗ ಒಂದು ವಾಸನೆ ಬರುತ್ತದೆ. ಬಿಸಿಯಾದ ಪ್ಲಾಸ್ಟಿಕ್ಕಿನದು, ಅದರ ಜೊತೆಗೆ ಸುಟ್ಟ ಧೂಳಿನದು. ಈಚೆಗೆ ಅಂಗಡಿಯಲ್ಲಿ ಹೊಸ ಡಿವಿಡಿ ರೈಟರ್ ಬಾಯಿ ತೆರೆದಾಗ ಆ ವಾಸನೆ ಮೂಗಿಗೆ ಬಡಿಯಿತು, ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಯಂತ್ರದ ತಪ್ಪೇನೂ ಇರಲಿಲ್ಲ, ಅದು ತನ್ನ ಕೆಲಸ ನೆಟ್ಟಗೆ ಮಾಡಿತ್ತು. ನನಗೆ ನೆನಪಾದದ್ದು ಎರಡು ವರ್ಷದ ಹಿಂದಿನ ದಸರಾ. ಗಣಪತಿ ಬಿಟ್ಟಲ್ಲಿಂದ ದೀಪಾವಳಿಯವರೆಗೆ ಆ ಸಲ ನಾನು ಯಾರ್ಯಾರ ಮೇಲೆ ಸಿಟ್ಟು ಮಾಡಿಕೊಂಡೆ ಅಂತ ನೆನೆಸಿಕೊಂಡರೆ, ಊರಲ್ಲಿ ಬಾಕಿ ಉಳಿದವರು ಕಡಿಮೆ.

ನಾನು ಶಿವಮೊಗ್ಗದ ಕೋರ್ಟಿನ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಮನೆ ಆಲ್ಕೊಳದಲ್ಲಿ. ಮನೆಯಲ್ಲಿ ನಾನು ಮತ್ತು ನಮ್ಮವ್ವ, ಇಬ್ಬರೇ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡ್ತಾಳೆ ಅಂತ ನನ್ನ ಬಗ್ಗೆ ಗುಮಾಸ್ತರೆಲ್ಲ ಮಾತಾಡಿಕೊಳ್ಳುವುದು ನನಗೆ ಗೊತ್ತು. ಸುಳ್ಳಲ್ಲ. ತಪ್ಪು ತಪ್ಪಾಗಿ ಬರೆದ ದಾವೆಗಳನ್ನು ಇಪ್ಪತ್ತೈದು ವರ್ಷ ಟೈಪ್ ಮಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ತಂಗಿ ಗಿರಿಜಳನ್ನು ಭದ್ರಾವತಿಗೆ ಕೊಟ್ಟಿದ್ದು. ಅವಳ ಗಂಡ ಮಹೇಶ ವೆಲ್ಡಿಂಗ್ ಕೆಲಸ ಮಾಡುತ್ತಿದ್ದವನು, ಒಂದು ದಿನ ಚಾವಣಿ ಶೀಟಿನ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಒಂದು ವರ್ಷ ಮಲಗಿದ್ದ. ಆಮೇಲೆ ಮೂರು ಗಾಲಿ ಸ್ಕೂಟರ್ ಬಂತು, ಬಸ್‌ಸ್ಟ್ಯಾಂಡ್ ಹತ್ತಿರ ಬೀಗ ರಿಪೇರಿ, ಕೀ ಮಾಡಿಕೊಡುವ ಪೆಟ್ಟಿಗೆ ಅಂಗಡಿ ಹಾಕಿದ. ಬೆಳಿಗ್ಗೆ ಎಂಟಕ್ಕೆ ಸ್ಕೂಟರ್ ಹತ್ತಿ ಹೊರಟರೆ ಸಂಜೆ ಆರಕ್ಕೆ ಬರುತ್ತಿದ್ದ, ಮುಖದಲ್ಲಿ ಕಳೆ ಬಂದಿತ್ತು. ಅವರ ಮನೆ ಹಳೇ ಊರಿನ ಒಂದು ಸಂದಿಯ ತುದಿಯಲ್ಲಿ. ಐದಡಿ ಅಗಲದ ಸಂದಿ. ಆ ಸಂದಿ ಬಿಟ್ಟರೆ ಮನೆಗೆ ಬೇರೆ ದಾರಿಯಿಲ್ಲ.

ಸಂದಿಯ ಬಾಯಲ್ಲಿ ರುದ್ರೇಶಿ ಅನ್ನುವವನ ಮನೆ. ಆ ವರ್ಷ ಗಣಪತಿ ಹಬ್ಬದ ಮಾರನೇ ವಾರ ಅವನು ಸಂದಿಯ ಅರ್ಧಕ್ಕಿಂತ ಹೆಚ್ಚು ಭಾಗ ನುಂಗಿ ಮೊಣಕಾಲೆತ್ತರ ಇಟ್ಟಿಗೆ ಕಟ್ಟಿದ. ಒಬ್ಬ ಆಳು ಅಡ್ಡ ತಿರುಗಿ ನಡೆದರೆ ಹೋಗಬಹುದು, ಸ್ಕೂಟರ್ ಹೋಗುವುದಿಲ್ಲ. ಕೇಳಲು ಹೋದ ಗಿರಿಜಳಿಗೆ, ಇದು ಹನ್ನೆರಡು ವರ್ಷದ ಹಳೇ ಗೋಡೆ, ಬಿದ್ದಿತ್ತು, ಈಗ ಎಬ್ಬಿಸ್ತಿದ್ದೀನಿ ಅಂದನಂತೆ. ಹಸಿ ಸಿಮೆಂಟು ಕೈಗೆ ಹತ್ತುತ್ತಿರುವಾಗಲೇ ಈ ಮಾತು. ನಾನು ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ಅವನಿಗೆ ಬಾಯಿಗೆ ಬಂದ ಹಾಗೆ ಬೈದು ಬಂದೆ. ಅದರಿಂದ ಗೋಡೆ ಎರಡು ಸಾಲು ಮೇಲಕ್ಕೆ ಹೋಯಿತು, ಅಷ್ಟೇ.

ಭದ್ರಾವತಿ ಕೋರ್ಟಿನಲ್ಲಿ ದಾವೆ ಹಾಕಿದೆವು. ವಕೀಲರು ನಿಧಾನಸ್ಥರು, ಒಳ್ಳೆಯವರು. ಸಂದಿ ಮೊದಲು ಖಾಲಿ ಇತ್ತು ಅನ್ನೋದಕ್ಕೆ ಏನಾದರೂ ಇದೆಯಾ ಅಂತ ಕೇಳಿದರು. ಮಹೇಶನ ಫೋನಿನಲ್ಲಿ ಇತ್ತು. ಐದು ವರ್ಷದ ಹಿಂದೆ ರುದ್ರೇಶಿ ಹೊಸ ಸ್ಕೂಟರ್ ತಂದಾಗ ಪೂಜೆ ಮಾಡಿದ್ದು ಗಿರಿಜಳ ಮನೆ ಮುಂದೆಯೇ. ಅಲ್ಲಿ ಜಾಗ ಸ್ವಲ್ಪ ಅಗಲ. ಆರತಿ ಎತ್ತಿದವಳು ಗಿರಿಜಳೇ, ಫೋನಿನಲ್ಲಿ ಹಿಡಿದವನು ಮಹೇಶನೇ. ರುದ್ರೇಶಿ ಹಲ್ಲು ಬಿಟ್ಟುಕೊಂಡು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ಸಂದಿಯ ನಡುವೆ ರಾಜನ ಹಾಗೆ ಓಡಿಸಿಕೊಂಡು ಹೋಗುತ್ತಾನೆ. ಗೋಡೆಯಿಲ್ಲ, ಗೋಡೆಯ ಗುರುತಿಲ್ಲ, ಒಂದು ಕಲ್ಲೂ ಇಲ್ಲ. ನೋಡಿ ವಕೀಲರೇ ನಕ್ಕುಬಿಟ್ಟರು. ಇದನ್ನ ಜಡ್ಜರು ನೋಡಿದರೆ ಗೋಡೆಗೆ ತಡೆಯಾಜ್ಞೆ ಸಿಗುತ್ತದೆ ಅಂದರು. ಆದರೆ ಫೋನ್ ತೋರಿಸಿದರೆ ಆಗಲ್ಲ, ಸಿಡಿ ಮಾಡಿ ಕೊಡಬೇಕು. ಮಾಡಿದವರು, ಇದು ನನ್ನ ಕಂಪ್ಯೂಟರಿನಲ್ಲಿ ನಾನೇ ತಯಾರಿಸಿದ್ದು, ಆಗ ನನ್ನ ಯಂತ್ರ ಸುಸ್ಥಿತಿಯಲ್ಲಿತ್ತು ಅಂತ ಸರ್ಟಿಫಿಕೇಟಿಗೆ ಸಹಿ ಹಾಕಬೇಕು. ಬೇರೆಯವರ ಕೈಲಿ ಯಾಕೆ, ನಾನೇ ಮಾಡ್ತೀನಿ ಅಂದೆ.

ಅಂದದ್ದೇನೋ ಅಂದೆ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಸಿಡಿ ಬರೆಯುವ ರೈಟರ್ ಯಾವ ಕಾಲದಲ್ಲೋ ಸತ್ತಿತ್ತು. ಹೊಸದು ಹುಡುಕಿಕೊಂಡು ಹೊರಟರೆ ಊರೆಲ್ಲ ನನ್ನನ್ನು ವಿಚಿತ್ರವಾಗಿ ನೋಡಿತು. ದುರ್ಗಿಗುಡಿಯಲ್ಲಿ ಎರಡು ಅಂಗಡಿಯವರು ಈಗ ಯಾರೂ ಇಡಲ್ಲ ಅಂದರು. ಪೆನ್‌ಡ್ರೈವ್ ಕೊಡಲಾ ಅಂತ ಕೇಳಿದರು. ಪೆನ್‌ಡ್ರೈವ್ ಬೇಕಿದ್ದರೆ ಪೆನ್‌ಡ್ರೈವ್ ಕೇಳುತ್ತಿದ್ದೆ, ನನಗೆ ಬಾಯಿಲ್ಲವಾ. ಕೊನೆಗೆ ನೆಹರೂ ರಸ್ತೆಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು ನನ್ನ ವಯಸ್ಸಿನವನೇ. ಅವನು ತೋರಿಸಿದ್ದು ತೆಳ್ಳಗೆ, ಕರ್ರಗೆ, ಹೊರಗಿನಿಂದ ವೈರ್ ಸಿಕ್ಕಿಸುವ ಹೊಸ ರೈಟರ್. ಕೈಗೆ ತಗೊಂಡೆ. ಹಪ್ಪಳದ ಹಾಗೆ ಹಗುರ.

ನಮ್ಮ ಮನೆಯಲ್ಲಿ ಯಾವ ಪದಾರ್ಥವನ್ನೇ ಆಗಲಿ ಕೈಯಲ್ಲಿ ತೂಗಿ ನೋಡಿ ತರುವುದು. ಚೆಂಬು ತರಲಿ, ಬಾಣಲೆ ತರಲಿ, ಅವ್ವ ಮೊದಲು ಅಂಗೈ ಮೇಲೆ ಇಟ್ಟುಕೊಂಡು ಮೇಲೆ ಕೆಳಗೆ ಆಡಿಸುತ್ತಾಳೆ. ಭಾರ ಇದ್ದರೆ ಗಟ್ಟಿ, ಗಟ್ಟಿ ಇದ್ದರೆ ಬಾಳಿಕೆ. ನಾನೂ ಹಾಗೇ ಆಡಿಸಿದೆ. ಅದನ್ನು ನೋಡಿ ಅಂಗಡಿಯವನು ನಕ್ಕ. ಇದು ತೂಕದ ಮೇಲೆ ಮಾರೋ ಸಾಮಾನಲ್ಲಮ್ಮ, ಮನೇಲಿ ಯಾರಾದರೂ ಓದಿದವರಿದ್ದರೆ ಕರ್ಕೊಂಡು ಬನ್ನಿ ಅಂದ. ಓದಿದವರು. ನಾನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾದಾಗ ಇವನು ಎಲ್ಲಿದ್ದನೋ. ಡಬ್ಬ ಅವನ ಮುಂದೆ ಕುಕ್ಕಿ, ನಿನ್ನ ರೈಟರನ್ನ ನೀನೇ ಇಟ್ಟುಕೋ ಅಂತ ಹೇಳಿ ಇಳಿದು ಬಂದೆ. ಬಿಸಿಲು ಮಳೆ ಎರಡೂ ಒಟ್ಟಿಗೆ ಬರುತ್ತಿದ್ದ ದಿನ, ಛತ್ರಿಯನ್ನೂ ಅಲ್ಲೇ ಮರೆತೆ. ವಾಪಸ್ಸು ಹೋಗಿ ತಗೊಂಡು ಬರಲೂ ಇಲ್ಲ.

ಅದೇ ಸಿಟ್ಟಿನಲ್ಲಿ ಭದ್ರಾವತಿಯ ಮುರುಗೇಶನ ಹತ್ತಿರ ಹೋದೆ. ಮುರುಗೇಶ ಹಳೇ ಕಂಪ್ಯೂಟರ್ ರಿಪೇರಿ ಮಾಡುವವನು, ಮನೆಮಾತು ತಮಿಳು, ಕೆಲಸದಲ್ಲಿ ಪ್ರಾಮಾಣಿಕ. ಅವನ ಅಂಗಡಿಯ ಮೂಲೆಯಲ್ಲಿ ಹಳೇ ಕಂಪ್ಯೂಟರುಗಳಿಂದ ಬಿಚ್ಚಿ ತೆಗೆದ ರೈಟರುಗಳನ್ನು ಒಂದರ ಮೇಲೊಂದು ಪೇರಿಸಿದ್ದ. ಒಂದನ್ನು ಎತ್ತಿದೆ. ಒಳ್ಳೆ ಭಾರ, ತಗಡಿನ ಮೈ. ಇದೇ ಇರಲಿ ಅಂದೆ. ಮುರುಗೇಶ ತಲೆ ಕೆರೆದುಕೊಂಡ. ಅದು ತುಂಬಾ ದುಡಿದಿರೋದು ಅಕ್ಕ, ಹೊಸದೇ ತಗೊಳ್ಳಿ, ಕೋರ್ಟಿಗೆ ಅಂತೀರಿ ಅಂದ. ಹೊಸದರ ಮಾತೆತ್ತಬೇಡ ಅಂತ ಅವನ ಬಾಯಿ ಮುಚ್ಚಿಸಿದೆ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ, ಬರೆದ ಮೇಲೆ ಬೇರೆ ಯಾವುದಾದರೂ ಮಿಷನ್‌ಗೆ ಹಾಕಿ ನೋಡಿ ಅಂದ. ಹೂಂ ಹೂಂ ಅಂದೆ. ಬಸ್ಸು ಹೊರಡುವುದರಲ್ಲಿತ್ತು.

ಮಹಾನವಮಿಗೆ ಐದಾರು ದಿನ ಮೊದಲು ಮೂರು ಸಿಡಿ ಬರೆದೆ. ಮೂರನ್ನೂ ನನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಮೂರರಲ್ಲೂ ರುದ್ರೇಶಿ ಹಲ್ಲು ಬಿಟ್ಟುಕೊಂಡು ನಿಂಬೆಹಣ್ಣು ಅಪ್ಪಚ್ಚಿ ಮಾಡಿದ. ಸರ್ಟಿಫಿಕೇಟ್ ಟೈಪ್ ಮಾಡಿ ಸಹಿ ಹಾಕಿದೆ. ಒಂದು ಸಿಡಿಯನ್ನು ವಕೀಲರು ತಮ್ಮ ಕಡತಕ್ಕೆ ಅಂತ ಅವತ್ತೇ ತರಿಸಿಕೊಂಡರು. ಅವರ ಆಫೀಸಿನಲ್ಲಿ ಸಿಡಿ ಹಾಕುವ ಮಿಷನ್ ಇರಲಿಲ್ಲ, ಕವರಿನಲ್ಲೇ ಇಟ್ಟರು. ಕೋರ್ಟಿಗೊಂದು, ಎದುರು ಪಾರ್ಟಿಗೊಂದು ನನ್ನ ಮೇಜಿನ ಮೇಲೆ ಉಳಿದವು.

ಆಯುಧಪೂಜೆಯ ದಿನ ಅಂಗಡಿ ಗುಡಿಸಿ, ಜೆರಾಕ್ಸ್ ಮಿಷನ್, ಕಂಪ್ಯೂಟರ್, ಹಳೇ ಟೈಪ್‌ರೈಟರ್, ಕತ್ತರಿ, ಸ್ಟೇಪ್ಲರ್ ಎಲ್ಲ ಒರೆಸಿಟ್ಟೆವು. ಪೂಜೆ ಯಾವಾಗಲೂ ಅವ್ವನದು. ವಿಭೂತಿ ಗಟ್ಟಿಗೆ ನೀರು ಮುಟ್ಟಿಸಿ ಮೂರು ಬೆರಳಿನಲ್ಲಿ ಎಲ್ಲದಕ್ಕೂ ಮೂರು ಗೆರೆ ಎಳೆಯುತ್ತಾಳೆ, ನಡುವೆ ಒಂದು ಕುಂಕುಮದ ಬೊಟ್ಟು. ನಾನು ಬಾಳೆಕಂದು ಕಟ್ಟಲು ಹೊರಗೆ ಹೋಗಿದ್ದೆ. ಅಷ್ಟರಲ್ಲಿ ಅವ್ವ ಕವರಿನಿಂದ ಆ ಎರಡು ಸಿಡಿ ತೆಗೆದು, ಹೊಳೆಯುವ ಮೈಯೇ ಅದರ ಮುಖ ಅಂತ ತಿಳಿದು, ಅಲ್ಲಿ ಮೂರು ಗೆರೆ ಎಳೆದು, ಒಣಗಿಸಿ, ಮತ್ತೆ ಕವರಿಗೆ ಹಾಕಿದ್ದಾಳೆ. ಆಯುಧ ಅಂದರೆ ಆ ವರ್ಷ ನಮ್ಮ ಪಾಲಿಗೆ ಅದೇ ಅಲ್ಲವಾ. ಅವಳಿಗೆ ತಿಳಿದದ್ದು ಅಷ್ಟೇ, ನನಗೆ ಹೇಳಲಿಲ್ಲ.

ದಸರಾ ರಜೆ ಮುಗಿದು ತಡೆಯಾಜ್ಞೆಯ ವಿಚಾರಣೆ ಬಂತು. ಅವ್ವನೂ ಬರ್ತೀನಿ ಅಂದಳು. ನಮ್ಮದಕ್ಕಿಂತ ಮೊದಲಿನ ಕೇಸಿನವರ ಸಿಡಿ ಕೋರ್ಟಿನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿತು. ನಮ್ಮದನ್ನು ಕವರಿನಿಂದ ತೆಗೆದಾಗ ಬೂದಿ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು. ಯಾರೋ ಕಿಸಕ್ಕನೆ ನಕ್ಕರು. ಒರೆಸಿ ಹಾಕಿದರು, ತೆರೆಯಲಿಲ್ಲ. ಇನ್ನೊಂದನ್ನು ಹಾಕಿದರು, ಅದೂ ತೆರೆಯಲಿಲ್ಲ. ಜಡ್ಜರು ಸ್ವಲ್ಪ ಹೊತ್ತು ಕಾದರು. ಕಾಣದೇ ಇರೋದನ್ನ ನಂಬಿ ಅಂತ ಅವರಿಗೆ ಹೇಳೋಕಾಗುತ್ತಾ. ಅವತ್ತು ತಡೆಯಾಜ್ಞೆ ಸಿಗಲಿಲ್ಲ. ಪೂರ್ತಿ ಕೇಸು ನಡೆಯುವಾಗ ಸಾಕ್ಷಿ ತನ್ನಿ ಅಂತಾಯಿತು.

ಹೊರಗೆ ಅಂಗಳಕ್ಕೆ ಬಂದು ನಾನು ಅವ್ವನ ಕಡೆ ತಿರುಗಿದೆ. ಅಲ್ಲಿ ನೋಟರಿಯವರಿದ್ದರು, ಗುಮಾಸ್ತರಿದ್ದರು, ಟೀ ಅಂಗಡಿಯ ಸುತ್ತ ಹತ್ತಾರು ಜನರಿದ್ದರು, ರುದ್ರೇಶಿ ಇದ್ದ. ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ನೆನಪಿರುವುದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಒಂದನ್ನು ಬರೆಯುತ್ತೇನೆ.

"ನಿನ್ನ ಬೂದಿ ನಿನ್ನ ಹಣೆಗೆ ಹಚ್ಚಿಕೋ. ನನ್ನ ತಂಗಿ ಮನೆ ದಾರಿಗೆ ಯಾಕೆ ಹಚ್ಚಿದೆ?"

ಅವ್ವ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಗಿರಿಜ ನನ್ನ ತೋಳು ಹಿಡಿದು ಸಾಕು ಬಿಡೇ ಮಾರಾಯ್ತಿ ಅಂತ ಎಳೆದಳು. ಅಂಗಡಿಗೆ ಬಂದು, ವಾಪಸ್ಸು ಕೊಟ್ಟ ಸಿಡಿಯನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ನನ್ನ ಕಂಪ್ಯೂಟರಿಗೆ ಹಾಕಿದೆ. ತೆರೆಯಿತು. ಅವ್ವನನ್ನು ಕರೆದು ತೋರಿಸಿದೆ. ನೋಡು, ಒರೆಸಿದ ಮೇಲೆ ಹೆಂಗೆ ಬಂತು ನೋಡು ಅಂದೆ. ಅಲ್ಲಿಗೆ ನನ್ನ ವಿಚಾರಣೆಯೂ ಮುಗಿಯಿತು, ತೀರ್ಪೂ ಆಯಿತು.

ಹದಿನೈದು ದಿನದಲ್ಲಿ ರುದ್ರೇಶಿ ಗೋಡೆಯನ್ನು ಆಳೆತ್ತರ ಮಾಡಿ ಮೇಲೆ ಶೀಟು ಹೊದಿಸಿ, ಒಳಗೆ ಅದೇ ಸ್ಕೂಟರ್ ನಿಲ್ಲಿಸಿದ. ಆ ದೀಪಾವಳಿಗೆ ನಾನು ಹೋದಾಗ ಮಹೇಶನನ್ನು ಅವನ ತಮ್ಮ ಬೆನ್ನ ಮೇಲೆ ಹೊತ್ತು ಅಡ್ಡಡ್ಡ ನಡೆಯುತ್ತ ಹೊರಗೆ ತರುತ್ತಿದ್ದ. ಹೊಸ ಗೋಡೆಗೆ ಉಜ್ಜಿ ಮೊಣಕಾಲು ತರಚಿತ್ತು. ಅದು ಮಹೇಶನಿಗೆ ಗೊತ್ತೇ ಆಗಿರಲಿಲ್ಲ, ಕಾಲಿನಲ್ಲಿ ಸ್ಪರ್ಶವಿಲ್ಲವಲ್ಲ. ತಮ್ಮನಿಗೆ ಬಿಡುವಿದ್ದ ದಿನ ಅಂಗಡಿ, ಇಲ್ಲದ ದಿನ ಮನೆ. ನನಗೆ ಮತ್ತೆ ಅವ್ವನ ಮೇಲೆ ಸಿಟ್ಟು ಬಂತು. ಆಲ್ಕೊಳಕ್ಕೆ ಬಂದು ಮೊಣಕಾಲಿನ ಸುದ್ದಿ ಬೇಕಂತಲೇ ಅವಳಿಗೆ ಹೇಳಿದೆ. ಆ ದಿನ ಅವ್ವ ಊಟ ಮಾಡಲಿಲ್ಲ.

ಆಮೇಲಿನ ಆಯುಧಪೂಜೆಗೆ ಅವ್ವ ಅಂಗಡಿಗೆ ಬಂದಳು, ಆದರೆ ಒಳಗೆ ಕಾಲಿಡಲಿಲ್ಲ. ನೀನೇ ಹಚ್ಚು ಅಂತ ವಿಭೂತಿ ಗಟ್ಟಿ ನನ್ನ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತಳು. ಕೈ ಸೆರಗಿನೊಳಗೇ ಇತ್ತು. ಮನೆಯಲ್ಲೂ ಹಾಗೇ, ತನ್ನ ಹಣೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಹಚ್ಚುವುದನ್ನು ನಿಲ್ಲಿಸಿದಳು. ಹೊಸ ಮಿಕ್ಸಿ ಬಂದರೂ ಹಚ್ಚಲಿಲ್ಲ. ಬುದ್ಧಿ ಬಂತು ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ.

ಈ ವರ್ಷ ಶ್ರಾವಣದ ಶುರುವಿನಲ್ಲಿ ಕೇಸು ಸಾಕ್ಷಿಯ ಹಂತಕ್ಕೆ ಬಂತು. ಹೊಸ ಸಿಡಿ ಬೇಕು ಅಂದರು ವಕೀಲರು. ಕಡತದಲ್ಲಿದ್ದ ತಮ್ಮ ಹಳೇ ಪ್ರತಿಯನ್ನೂ ಕೊಟ್ಟು, ಇದು ಸರಿಯಿದೆಯಾ ನೋಡಿ ಅಂದರು. ಎರಡು ವರ್ಷ ಕವರಿನಿಂದ ಹೊರಗೇ ಬರದ ಸಿಡಿ, ಕನ್ನಡಿಯ ಹಾಗಿತ್ತು. ನನ್ನ ಭಾರದ ರೈಟರ್ ಅಷ್ಟರಲ್ಲಿ ಬರೆಯುವುದನ್ನು ಪೂರ್ತಿ ನಿಲ್ಲಿಸಿತ್ತು, ಹಾಕಿದ್ದನ್ನು ಓದುತ್ತಿತ್ತು ಅಷ್ಟೇ. ಹಾಗಾಗಿ ಹೊಸ ಪ್ರತಿ ಬರೆಸೋಣ ಅಂತ ಆ ಸಿಡಿ ಹಿಡಿದುಕೊಂಡು ಮುರುಗೇಶನ ಅಂಗಡಿಗೆ ಹೋದೆ. ಅವನು ಹಾಕಿದ, ತೆರೆಯಲಿಲ್ಲ. ಇನ್ನೊಂದು ಮಿಷನ್‌ಗೆ ಹಾಕಿದ. ಮೂರನೆಯದಕ್ಕೂ ಹಾಕಿದ. ಯಾವುದರಲ್ಲೂ ಇಲ್ಲ. ಮುರುಗೇಶ ಸಿಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಂಗಳದಲ್ಲಿ ನಾನು ಕೂಗಾಡಿದ್ದು ಭದ್ರಾವತಿಯಲ್ಲಿ ಅವನಿಗೂ ಗೊತ್ತಿತ್ತು.

"ಅಕ್ಕ, ಇದಕ್ಕೆ ಯಾರೂ ವಿಭೂತಿ ಹಚ್ಚಿಲ್ವಲ್ಲ" ಅಂದ.

ಆಮೇಲೆ ಅವನೇ ಬಿಡಿಸಿ ಹೇಳಿದ. ತುಂಬಾ ದುಡಿದ ರೈಟರ್ ಬರೆಯುತ್ತದೆ, ಆದರೆ ಬರಹ ತೆಳು ಆಗಿರುತ್ತದೆ. ತಾನು ಬರೆದದ್ದನ್ನು ತಾನು ಓದಿಕೊಳ್ಳುತ್ತದೆ, ಬೇರೆಯವುಗಳ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬೇರೆ ಮಿಷನ್‌ಗೆ ಹಾಕಿ ನೋಡಿ ಅಂದಿದ್ದು ಅಕ್ಕ ಅಂದ. ವಿಭೂತಿಯದೇನು, ಒರೆಸಿದರೆ ಹೋಗುತ್ತದೆ.

ಬಸ್ಸಿನಲ್ಲಿ ಕೂತು ಬಂದದ್ದು ಗೊತ್ತಾಗಲಿಲ್ಲ. ನೇರ ಅಂಗಡಿಗೆ ಹೋಗಿ ಆ ಸಿಡಿಯನ್ನು ನನ್ನ ಕಂಪ್ಯೂಟರಿಗೆ ಹಾಕಿದೆ. ತಕ್ಷಣ ತೆರೆಯಿತು. ರುದ್ರೇಶಿ ಹಲ್ಲು ಬಿಟ್ಟ. ಎರಡು ವರ್ಷ ಇಡೀ ಲೋಕದಲ್ಲಿ ಆ ಸಿಡಿಗಳನ್ನು ಓದುತ್ತಿದ್ದದ್ದು ನನ್ನ ಈ ತಗಡಿನ ಡಬ್ಬ ಒಂದೇ, ಅದರ ಮಾತು ನಂಬಿ ಹೆತ್ತವಳನ್ನು ಅಷ್ಟು ಜನರ ಎದುರು ಬೈದಿದ್ದೆ. ಅಂಗಡಿಯವನು ನಕ್ಕ ಅಂತ ಒಳ್ಳೆಯದನ್ನು ಬಿಟ್ಟು ಬಂದವಳು ನಾನು. ಹೇಳಿದ ಮಾತು ಕಿವಿಗೆ ಹಾಕಿಕೊಳ್ಳದವಳು ನಾನು. ಯಂತ್ರ ಸುಸ್ಥಿತಿಯಲ್ಲಿತ್ತು ಅಂತ ಸಹಿ ಹಾಕಿದವಳೂ ನಾನೇ. ರೈಟರನ್ನು ಎತ್ತಿ ನೆಲಕ್ಕೆ ಕುಕ್ಕಬೇಕು ಅನಿಸಿತು, ಅದಕ್ಕೂ ನಾಚಿಕೆಯಾಯಿತು.

ಮನೆಗೆ ಹೋದಾಗ ಅವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು, ಸಿಡಿ ಕೆಟ್ಟದ್ದು ನಿನ್ನ ವಿಭೂತಿಯಿಂದ ಅಲ್ಲವ್ವ, ನಾನು ತಂದ ಮಿಷನ್ನೇ ಸರಿಯಿರಲಿಲ್ಲ ಅಂದೆ. ವಕೀಲರ ಪ್ರತಿಯ ಕಥೆಯನ್ನೂ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಬೈದದ್ದು ಕೋರ್ಟಿನ ಅಂಗಳದಲ್ಲಿ, ಅಷ್ಟು ಜನರ ಮುಂದೆ. ಇದನ್ನ ಅಡುಗೆಮನೇಲಿ ಕೂತು ಯಾಕೆ ಹೇಳ್ತೀಯ?"

ನನ್ನ ಸಿಟ್ಟು ನನಗೆ ಎಲ್ಲಿಂದ ಬಂದದ್ದು ಅಂತ ಆವತ್ತು ಗೊತ್ತಾಯಿತು. ಅವಳದನ್ನು ಅವಳು ಎರಡು ವರ್ಷ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದಳು.

ಮಾರನೇ ದಿನ ನೆಹರೂ ರಸ್ತೆಗೆ ಹೋದೆ. ಅದೇ ಅಂಗಡಿ, ಅದೇ ಮನುಷ್ಯ. ತೆಳ್ಳನೆಯ ರೈಟರ್ ಕೇಳಿದೆ. ಅವನು ಈ ಸಲ ನಗಲಿಲ್ಲ, ನನ್ನ ಮುಖ ನೋಡಿ ಧೈರ್ಯ ಸಾಲದೆ ಇರಬಹುದು. ಹಗುರದ ಡಬ್ಬವನ್ನು ತೂಗಿ ನೋಡದೆ ಚೀಲಕ್ಕೆ ಹಾಕಿಕೊಂಡೆ. ನಿಧಾನದ ವೇಗದಲ್ಲಿ ಮೂರು ಸಿಡಿ ಬರೆದು, ಅಕ್ಕಪಕ್ಕದ ಅಂಗಡಿಗಳಲ್ಲಿ, ಕೊನೆಗೆ ಮುರುಗೇಶನ ಮೂರೂ ಮಿಷನ್‌ಗಳಲ್ಲಿ ಹಾಕಿ ನೋಡಿದೆ. ಎಲ್ಲ ಕಡೆಯೂ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ವಕೀಲರಿಗೆ ಎಲ್ಲ ಹೇಳಿದಾಗ ಅವರು ಹೆದರಿದರು. ಹಳೇ ಸಿಡಿಯ ಮಾತೇ ಬೇಡ ಮಂಗಳಮ್ಮ, ನಿಮ್ಮ ಯಂತ್ರ ಸರಿಯಿರಲಿಲ್ಲ ಅಂತ ನೀವೇ ಹೇಳಿದರೆ ಎದುರಿನವರು ಹೊಸದನ್ನೂ ಅನುಮಾನಿಸುತ್ತಾರೆ ಅಂದರು. ಗಿರಿಜಳ ದಾರಿ ಒಂದು ಕಡೆ, ಅವ್ವ ಒಂದು ಕಡೆ. ಎರಡು ದಿನ ಒದ್ದಾಡಿ ಗಿರಿಜಳನ್ನೇ ಕೇಳಿದೆ. ಅವಳು ಮಹೇಶನ ಮುಖ ನೋಡಿದಳು. ಅತ್ತೆ ಮೇಲಿರೋ ಅಪವಾದ ಮೊದಲು ಇಳೀಲಿ, ಗೋಡೆ ಆಮೇಲೆ ನೋಡೋಣ ಅಂದದ್ದು ಮಹೇಶ. ನಾನೇ ಪ್ರಮಾಣಪತ್ರ ಟೈಪ್ ಮಾಡಿದೆ. ಹಿಂದಿನ ಸಿಡಿಗಳು ತೆರೆಯದೇ ಇದ್ದದ್ದು ನನ್ನ ಹಳೆಯ ಯಂತ್ರದ ದೋಷದಿಂದ, ನನ್ನ ತಾಯಿ ಹಚ್ಚಿದ ವಿಭೂತಿಯಿಂದ ಅಲ್ಲ. ವಕೀಲರು ಒಲ್ಲದ ಮನಸ್ಸಿನಿಂದ ಮೊದಲರ್ಧ ಉಳಿಸಿಕೊಂಡು, ಉಳಿದದ್ದಕ್ಕೆ ಕೆಂಪು ಗೆರೆ ಎಳೆದರು. ತಾಯಿ, ವಿಭೂತಿ ಎಲ್ಲ ಕೋರ್ಟಿಗೆ ಸಂಬಂಧವಿಲ್ಲ ಅಂದರು. ಕಾಗದದಲ್ಲಿ ಜಾಗವಿಲ್ಲದ್ದನ್ನು ಬಾಯಲ್ಲೇ ಹೇಳಬೇಕಾಯಿತು.

ಮೊನ್ನೆ ವಿಚಾರಣೆಗೆ ಅವ್ವ ಕೇಳದೆಯೇ ಸೀರೆ ಉಟ್ಟು ನಿಂತಿದ್ದಳು. ಸಿಡಿ ತೆರೆಯಿತು. ರುದ್ರೇಶಿ ತನ್ನ ಸ್ಕೂಟರಿನಲ್ಲಿ ಖಾಲಿ ಸಂದಿಯ ನಡುವೆ ಹೋಗುವುದನ್ನು ಜಡ್ಜರು ಎರಡು ಸಲ ಹಾಕಿಸಿ ನೋಡಿದರು. ಎದುರು ವಕೀಲರು ನನ್ನ ಹಳೇ ಯಂತ್ರದ ಮಾತು ಹಿಡಿದು ಅರ್ಧ ಗಂಟೆ ಜಗ್ಗಾಡಿದರು, ಹೌದು, ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಮುಂದಿನ ತಾರೀಕು ಕೊಟ್ಟರು. ಗೋಡೆ ಇನ್ನೂ ಅಲ್ಲೇ ಇದೆ, ಬೀಳುತ್ತದೋ ಇಲ್ಲವೋ ಗೊತ್ತಿಲ್ಲ.

ಅಂಗಳಕ್ಕೆ ಬಂದೆವು. ಅದೇ ನೋಟರಿ, ಅದೇ ಗುಮಾಸ್ತರು, ಅದೇ ಟೀ ಅಂಗಡಿ. ರುದ್ರೇಶಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಅವ್ವ ಎರಡು ವರ್ಷದ ಹಿಂದೆ ನಿಂತಿದ್ದ ಜಾಗಕ್ಕೆ ಹೋಗಿ ನಿಂತಳು, ಕೈ ಸೆರಗಿನೊಳಗೆ. ಇಲ್ಲಿ ಕೇಳಿ ಎಲ್ಲರೂ ಅಂದೆ. ಆವತ್ತು ನಮ್ಮವ್ವನಿಗೆ ಬೈದದ್ದು ತಪ್ಪು, ಸಿಡಿ ಕೆಡಿಸಿದವಳು ನಾನು, ಅವಳ ವಿಭೂತಿಯಿಂದ ಏನೂ ಆಗಿಲ್ಲ ಅಂದೆ. ಕೆಲವರು ತಿರುಗಿ ನೋಡಿದರು. ಗಿರಿಜ ಅಳುತ್ತಿದ್ದಳು. ನಾನು ಅವ್ವನ ಮುಖ ನೋಡಿದೆ. ಅವಳು ಟೀ ಅಂಗಡಿಯ ಕಡೆ ನೋಡುತ್ತಿದ್ದಳು.

"ಇನ್ನೊಂದ್ಸಲ ಹೇಳು" ಅಂದಳು. "ಆವತ್ತು ಆ ಟೀ ಅಂಗಡಿಯವನು ಕೈಯಲ್ಲಿನ ಕೆಲಸ ಬಿಟ್ಟು ಕೇಳಿಸ್ಕೊಂಡಿದ್ದ. ಈಗ ಲೋಟ ತೊಳೀತಾ ಇದಾನೆ."

ಅವನು ಲೋಟ ತೊಳೆದು ಮುಗಿಸುವವರೆಗೆ ಕಾದೆ. ಆಮೇಲೆ ಅವನ ಎದುರಿಗೆ ಹೋಗಿ ನಿಂತು, ಇನ್ನೊಂದು ಸಲ ಹೇಳಿದೆ.